ಆಟವೂ ಪಣವೂ

ಅರವತ್ತು ವರ್ಷ ತುಂಬಿ ಕೆಲಸದಿಂದ ಬಿಡುಗಡೆ ಹೊಂದಿದ ಉಪಾಧ್ಯಾಯನ ಬಳಿ ಎರಡು ಪದಾರ್ಥಗಳು ಯಥೇಚ್ಛವಾಗಿ ಉಳಿದಿರುತ್ತವೆ: ಒಂದು ಕಾಲ, ಇನ್ನೊಂದು ಅಭಿಪ್ರಾಯ. ಮೊದಲನೆಯದನ್ನು ಯಾರೂ ಕೇಳುವುದಿಲ್ಲ. ಎರಡನೆಯದನ್ನು ಕೇಳದಿದ್ದರೂ ಕೊಡುವುದು ನಮ್ಮ ವೃತ್ತಿಯಿಂದ ಬಂದ ಚಾಳಿ. ಆದರೆ ಈಚೆಗೆ ಒಂದು ವಿಷಯದಲ್ಲಿ ಮಾತ್ರ ಮಾದಾಪುರದ ಗೃಹಸ್ಥರು ತಾವಾಗಿಯೇ ಬಂದು ನನ್ನ ಅಭಿಪ್ರಾಯವನ್ನು ಕೇಳುತ್ತಿದ್ದಾರೆ. ಆ ವಿಷಯ ವಿಡಿಯೋ ಗೇಮು. ಶಬ್ದರೂಪಗಳನ್ನೂ ಸಂಧಿಸಮಾಸಗಳನ್ನೂ ಬಾಯಿಪಾಠ ಮಾಡಿಸಿಕೊಂಡು ಬಂದವನಿಗೂ ಮೊಬೈಲಿನ ಆಟಕ್ಕೂ ಏನು ಸಂಬಂಧವೆಂದು ವಾಚಕರು ಶಂಕಿಸಬಹುದು. ಸಂಬಂಧವಿಷ್ಟೆ: ಮಕ್ಕಳು ಹಿಂದೆ ನನಗೆ ಹೆದರುತ್ತಿದ್ದರೆಂಬ ಪ್ರತೀತಿ ಇನ್ನೂ ಊರಿನಲ್ಲಿ ಉಳಿದಿದೆ. “ಮೇಷ್ಟ್ರೇ, ನಮ್ಮ ಹುಡುಗನಿಗೆ ನೀವೊಂದು ಮಾತು ಹೇಳಬೇಕು” ಎಂದು ತಾಯಂದಿರು ಬರುತ್ತಾರೆ. ಹುಡುಗ ಹಿಂದೆ ನಿಂತಿರುತ್ತಾನೆ. ಅವನ ಹೆಬ್ಬೆರಳು ಆಗಲೂ ಆಡುತ್ತಲೇ ಇರುತ್ತದೆ.

ನಮ್ಮ ಊರಿನ ಮಳೆಯನ್ನು ಬಲ್ಲವರು ಆ ಹುಡುಗನ ಮೇಲೆ ಸ್ವಲ್ಪ ದಯೆ ತೋರಿಸಬೇಕು. ಕಕ್ಕಡದ ಮಳೆ ಹಿಡಿಯಿತೆಂದರೆ ಅಂಗಳಕ್ಕೆ ಇಳಿಯುವಂತಿಲ್ಲ, ಬಟ್ಟೆ ಒಣಗುವುದಿಲ್ಲ, ವಿದ್ಯುತ್ತು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಾವು ಹುಡುಗರಾಗಿದ್ದಾಗ ಜಗಲಿಯಲ್ಲಿ ಚೌಕಾಬಾರದ ಮನೆ ಬರೆದು, ಹುಣಿಸೆಯ ಬೀಜವನ್ನು ಕಲ್ಲಿಗೆ ಉಜ್ಜಿ ಎರಡು ಹೋಳು ಮಾಡಿ, ಹೊತ್ತು ಹೋದದ್ದು ತಿಳಿಯದಂತೆ ಆಡುತ್ತಿದ್ದೆವು. ಅಡಿಗೆಮನೆಯಿಂದ ಕೂಗು ಬಂದರೆ ಕೇಳಿಸುತ್ತಿರಲಿಲ್ಲ. ಈಗಿನವರಿಗೂ ಕೇಳಿಸುವುದಿಲ್ಲ. ಇಷ್ಟರ ಮಟ್ಟಿಗೆ ಎರಡು ತಲೆಮಾರುಗಳಿಗೂ ಭೇದವನ್ನು ನಾನು ಕಾಣೆ.

ಅಲ್ಲದೆ ಆ ಯಂತ್ರವನ್ನು ಅವರ ಕೈಗೆ ಕೊಟ್ಟವರು ಯಾರು? 2020ರಲ್ಲಿ ಸೋಂಕಿನ ಭಯದಿಂದ ಶಾಲೆಗಳು ಮುಚ್ಚಿದಾಗ ಹಿರಿಯರೇ ಸಾಲ ಮಾಡಿ ಮೊಬೈಲುಗಳನ್ನು ತಂದರು. ನಮ್ಮ ತಾಲ್ಲೂಕಿನ ಮುಳ್ಳೂರಿನಲ್ಲಿ ಸರ್ಕಾರಿ ಶಾಲೆಯ ಅಧ್ಯಾಪಕರೊಬ್ಬರು, ನೆಟ್‌ವರ್ಕು ನೆಲದ ಮೇಲೆ ಸಿಕ್ಕದೆಂದು ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಅಲ್ಲಿಂದ ಪಾಠ ಹೇಳಿದರು. ಅದನ್ನು ಪತ್ರಿಕೆಯಲ್ಲಿ ಓದಿದಾಗ ಅಧ್ಯಾಪಕವೃತ್ತಿಯ ಬಗ್ಗೆ ನನಗೆ ಬಹಳ ಹೆಮ್ಮೆಯಾಯಿತು. ಆದರೆ ಶಾಲೆಗಳು ತೆರೆದ ಮೇಲೆ ಮೊಬೈಲನ್ನು ಹಿಂದಕ್ಕೆ ಕೊಡುವ ಮಾತು ಯಾವ ಮನೆಯಲ್ಲಿಯೂ ಹೊರಡಲಿಲ್ಲ. ಪಾಠಕ್ಕೆಂದು ಬಂದದ್ದು ಆಟಕ್ಕೆ ಉಳಿಯಿತು.

ತಾಯಂದಿರ ದೂರಿನಲ್ಲಿ ಮೊದಲನೆಯದು ಕೋವಿಯ ವಿಷಯ. ಪಬ್‌ಜಿ ಎಂಬ ಆಟದಲ್ಲಿ ನೂರು ಜನ ಒಂದು ದ್ವೀಪಕ್ಕೆ ಇಳಿದು, ಒಬ್ಬನೇ ಉಳಿಯುವವರೆಗೆ ಪರಸ್ಪರ ಗುಂಡು ಹಾರಿಸುತ್ತಾರೆ. ಯಾದವರ ಮೌಸಲಪರ್ವವನ್ನು ಓದಿದವನಿಗೆ ಇದು ತೀರ ಹೊಸದಲ್ಲ. ಭಾರತ ಸರ್ಕಾರ ಆ ಆಟವನ್ನು 2020ನೆಯ ಸೆಪ್ಟೆಂಬರ್ 2ರಂದು ನಿಷೇಧಿಸಿತು. ಮಕ್ಕಳ ಮನಸ್ಸಿನ ಕಾರಣದಿಂದಲ್ಲ, ದೇಶದ ಭದ್ರತೆ ಮತ್ತು ಮಾಹಿತಿಯ ರಕ್ಷಣೆಗಾಗಿ. (ಹೆಸರು ಬದಲಾಯಿಸಿಕೊಂಡು ಅದು ಮರುವರ್ಷವೇ ಹಿಂತಿರುಗಿತು.) ನಿಷೇಧದ ಮಾರನೆಯ ದಿನ, ಸೆಪ್ಟೆಂಬರ್ 3, ಕೊಡಗಿನಲ್ಲಿ ಕೈಲ್ ಮುಹೂರ್ತ! ಮನೆಯ ಕೋವಿಯನ್ನು ಒರೆಸಿ, ನಳಿಗೆಗೆ ಕೋವಿಹೂವನ್ನು ಸಿಕ್ಕಿಸಿ, ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ನಾಡಿನಲ್ಲಿ, ಚಿತ್ರದ ಕೋವಿಯಿಂದ ಮಕ್ಕಳು ಕ್ರೂರರಾಗುತ್ತಾರೆಂಬ ವಾದವನ್ನು ಮುಖ ಗಂಟಿಕ್ಕಿಕೊಂಡು ಕೇಳುವುದು ನನಗೆ ಕಷ್ಟ. ಇಲ್ಲಿಯ ಹುಡುಗ ತಂದೆ ಕೋವಿಗೆ ಎಣ್ಣೆ ಹಾಕುವುದನ್ನು ನೋಡಿ ಬೆಳೆದಿರುತ್ತಾನೆ. ಅದು ಆಡುವ ವಸ್ತುವಲ್ಲವೆಂದು ಅವನಿಗೆ ಪೇಟೆಯ ಹುಡುಗನಿಗಿಂತ ಚೆನ್ನಾಗಿ ಗೊತ್ತು.

ನನ್ನ ಆಕ್ಷೇಪಣೆ ಬೇರೆ. ಚೌಕಾಬಾರದಲ್ಲಿ ಕಾಯಿ ಹಣ್ಣಾಗುತ್ತದೆ; ನಾಲ್ಕೂ ಹಣ್ಣಾದರೆ ಆಟ ಮುಗಿಯಿತು, ಎದ್ದು ಕೈ ತೊಳೆದು ಊಟಕ್ಕೆ ಹೋಗಬಹುದು. ಚದುರಂಗದಲ್ಲಿ ರಾಜ ಸಿಕ್ಕಿಬಿದ್ದ ಮೇಲೆ ಕೆಲಸವಿಲ್ಲ. ಈಗಿನ ಆಟಗಳಲ್ಲಿ ಅನೇಕವನ್ನು ಹಣ್ಣಾಗದಂತೆಯೇ ಕಟ್ಟಿರುತ್ತಾರೆ. ಇವತ್ತು ಬಂದರೆ ಒಂದು ಬಹುಮಾನ, ನಾಳೆಯೂ ತಪ್ಪದೆ ಬಂದರೆ ಇನ್ನೂ ದೊಡ್ಡದು, ಒಂದು ದಿನ ತಪ್ಪಿಸಿದರೆ ಗಳಿಸಿದ್ದು ಹೋಯಿತು: ಹೀಗೆ ನಿತ್ಯಕರ್ಮದಂತೆ ಕಟ್ಟಿಹಾಕುವ ಉಪಾಯ ಅವುಗಳ ಒಳಗೇ ಇದೆ. ಸಂಧ್ಯಾವಂದನೆಯನ್ನು ತಪ್ಪಿಸುವವನು ಇದನ್ನು ತಪ್ಪಿಸುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಇಂಥ ಬಂಧನಕ್ಕೆ ಸಿಕ್ಕಿದವರಿಗಾಗಿಯೇ 2014ರಲ್ಲಿ ಒಂದು ಚಿಕಿತ್ಸಾಲಯವನ್ನು ತೆರೆದರು. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ಬಂದ ತನ್ನ ರೋಗಗಳ ಪಟ್ಟಿಯಲ್ಲಿ ಇದಕ್ಕೂ ಒಂದು ಸ್ಥಾನವನ್ನು ಕೊಟ್ಟಿದೆ. ಆದಕಾರಣ ತಾಯಂದಿರ ಭಯ ಸುಳ್ಳಲ್ಲ. ಆದರೆ ಆಡುವ ಹುಡುಗರೆಲ್ಲ ರೋಗಿಗಳೂ ಅಲ್ಲ.

ಈ ಆಟಗಳನ್ನು ಮೊದಲು ಮಾಡಿದವರ ಚರಿತ್ರೆ ನಿಜವಾಗಿ ಬಹಳ ನಿರಪಾಯವಾದದ್ದು. 1958ರಲ್ಲಿ ಅಮೆರಿಕೆಯ ಬ್ರೂಕ್‌ಹೇವನ್ ಪ್ರಯೋಗಶಾಲೆಗೆ ನೋಡಲು ಬರುವ ಸಾರ್ವಜನಿಕರಿಗೆ ಬೇಸರವಾಗದಿರಲೆಂದು ವಿಲಿಯಂ ಹಿಗಿನ್‌ಬಾಥಂ ಎಂಬ ಭೌತವಿಜ್ಞಾನಿ ಒಂದು ಚಿಕ್ಕ ಪರದೆಯ ಮೇಲೆ ಟೆನ್ನಿಸಿನ ಚೆಂಡನ್ನು ಕುಣಿಸಿದ. 1984ರಲ್ಲಿ ಮಾಸ್ಕೋವಿನ ಅಲೆಕ್ಸೀ ಪಜಿತ್ನೋವ್ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಆಟವನ್ನು ರಚಿಸಿದ. ಇಂಥವರಿಗೆ ಇಂಗ್ಲಿಷಿನಲ್ಲಿ ಈಗ ಗೀಕ್ ಎನ್ನುತ್ತಾರೆ. ಹಿಂದೆ ಅಮೆರಿಕೆಯ ಜಾತ್ರೆಗಳಲ್ಲಿ ಅಸಹ್ಯವಾದ ಪ್ರದರ್ಶನಗಳನ್ನು ಮಾಡುತ್ತಿದ್ದವನಿಗೆ ಸಲ್ಲುತ್ತಿದ್ದ ಬೈಗುಳ ಈಗ ಬಿರುದಾಗಿದೆ. ಒಂದು ವಿಷಯದಲ್ಲಿ ಮೈಮರೆತು, ಲೋಕ ಅದನ್ನು ಅಲ್ಪವೆಂದರೂ ಲೆಕ್ಕಿಸದವನು ಎಂದು ಅದರ ಅರ್ಥ. ನಮ್ಮ ವೈಯಾಕರಣರು ಸೂತ್ರದಲ್ಲಿ ಅರ್ಧಮಾತ್ರೆ ಉಳಿಸಿದರೆ ಮಗ ಹುಟ್ಟಿದಷ್ಟು ಸಂತೋಷಪಡುತ್ತಾರೆಂದು ಪ್ರಸಿದ್ಧವಾದ ಮಾತಿದೆ. ಅವರಿಗಿಂತ ಬೇರೆ ಗೀಕರು ಬೇಕೆ?

ಕನ್ನಡ ನಾಡಿನಲ್ಲಿ ಈ ಪಂಗಡಕ್ಕೆ ಸೇರಿದ ರಾಜರೇ ಆಗಿಹೋಗಿದ್ದಾರೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದ ಕೊನೆಯ ಭಾಗದಲ್ಲಿ ಇಪ್ಪತ್ತು ಕ್ರೀಡೆಗಳನ್ನು ವಿವರಿಸುತ್ತಾನೆ; ಚದುರಂಗವೂ ಅವುಗಳಲ್ಲಿ ಒಂದು. ಆದರೆ ಈ ವಿದ್ಯೆಯಲ್ಲಿ ಚಕ್ರವರ್ತಿಯೆಂದರೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಆಂಗ್ಲರು ಅವರ ಕೈಯಿಂದ ಆಡಳಿತವನ್ನು ಕಿತ್ತುಕೊಂಡರು. ಅಲ್ಲಿಂದ 1868ರಲ್ಲಿ ದೈವಾಧೀನರಾಗುವವರೆಗೆ ಅವರು ಹೆಸರಿಗೆ ಮಹಾರಾಜರು, ಆಳುವುದಕ್ಕೆ ರಾಜ್ಯವಿಲ್ಲ. ಆ ಅವಧಿಯಲ್ಲಿ ಅವರು ವಿದ್ವಾಂಸರನ್ನು ಸಾಕಿದರು, ಗ್ರಂಥಗಳನ್ನು ಬರೆಯಿಸಿದರು. ಅದರೊಂದಿಗೆ ಆಟಗಳನ್ನು ಸೃಷ್ಟಿಸಿದರು. ಶ್ರೀತತ್ತ್ವನಿಧಿಯ ಒಂಬತ್ತನೆಯ ನಿಧಿಗೆ ಕೌತುಕನಿಧಿಯೆಂದೇ ಹೆಸರು. ಅವರ ಗಂಜೀಫಾ ಆಟಗಳಲ್ಲಿ ದೊಡ್ಡದಕ್ಕೆ ಎಲೆಗಳು 360! ಇಂದಿನ ಹುಡುಗರು ಪೋಕೆಮಾನ್ ಎಲೆಗಳನ್ನು ಡಬ್ಬಿಯಲ್ಲಿ ತುಂಬಿಕೊಂಡು ಜಂಭಪಡುವುದನ್ನು ಕಂಡಾಗ ನಾನು ಈ ಸಂಖ್ಯೆಯನ್ನು ಹೇಳಿ ಅವರ ಬಾಯಿ ಮುಚ್ಚಿಸುತ್ತೇನೆ.

ಚದುರಂಗದ ಕುದುರೆಯನ್ನು ಅದರ ನಡಿಗೆಯಲ್ಲಿಯೇ ನಡೆಸಿ, ಅರವತ್ತನಾಲ್ಕು ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿಸುವ ಸಮಸ್ಯೆಯಲ್ಲಿಯೂ ಮಹಾರಾಜರಿಗೆ ವಿಶೇಷವಾದ ಆಸಕ್ತಿ. ಸಂಸ್ಕೃತ ಬಲ್ಲವರಿಗೆ ಇದು ಪರಿಚಿತ. ಒಂಬತ್ತನೆಯ ಶತಮಾನದ ರುದ್ರಟ ತನ್ನ ಕಾವ್ಯಾಲಂಕಾರದಲ್ಲಿ ತುರಗಪದವೆಂಬ ಚಿತ್ರಬಂಧವನ್ನು ಕೊಡುತ್ತಾನೆ. ಅಕ್ಷರಗಳನ್ನು ಮನೆಗಳಲ್ಲಿ ತುಂಬಿ ಕುದುರೆಯ ನಡಿಗೆಯಲ್ಲಿ ಓದಿದರೂ ಶ್ಲೋಕ ಸರಿಹೋಗಬೇಕು. ಶ್ರೀ ವೇದಾಂತದೇಶಿಕರು ಪಾದುಕಾಸಹಸ್ರದಲ್ಲಿ ಇದನ್ನು ಸಾಧಿಸಿದ್ದಾರೆ. ನನ್ನ ಗುರುಗಳು ಈ ಪದ್ಯಗಳನ್ನು ಅಧಮಕಾವ್ಯವೆಂದು ಮೂಗು ಮುರಿದು ಹೇಳಿಕೊಟ್ಟರು. ಪಾಠ ಮುಗಿದ ಮೇಲೆ ತಾವೇ ಮನೆ ಗೀಟಿಕೊಂಡು ಬೆರಳಾಡಿಸುತ್ತ ಕುಳಿತದ್ದನ್ನು ನಾನು ಕಿಟಕಿಯಿಂದ ನೋಡಿದ್ದೇನೆ.

ಇಲ್ಲಿ ಒಂದು ಉಪಕಥೆ. ನಾನು ಸಂಸ್ಕೃತದವನೆಂಬ ಕಾರಣದಿಂದ ಬಂಧುಗಳೆಲ್ಲರೂ ವಾಟ್ಸಾಪಿನಲ್ಲಿ ನನಗೆ ಒಂದು ತಂತ್ರಜ್ಞಾನದ ವಾರ್ತೆಯನ್ನು ವರ್ಷಕ್ಕೆ ನಾಲ್ಕಾರು ಸಲ ಕಳುಹಿಸುತ್ತಾರೆ: ಕಂಪ್ಯೂಟರಿಗೆ ಸಂಸ್ಕೃತವೇ ಸರ್ವೋತ್ತಮ ಭಾಷೆಯೆಂದು ನಾಸಾ ಒಪ್ಪಿಕೊಂಡಿತೆಂದು. ಇದರ ಮೂಲ 1985ರಲ್ಲಿ ರಿಕ್ ಬ್ರಿಗ್ಸ್ ಎಂಬ ನಾಸಾ ಸಂಶೋಧನಾ ಕೇಂದ್ರದ ವಿದ್ವಾಂಸನೊಬ್ಬ ಬರೆದ ಲೇಖನ. ವಾಕ್ಯದ ಅರ್ಥವನ್ನು ನಮ್ಮ ಶಾಸ್ತ್ರಕಾರರು ಕ್ರಿಯೆ, ಕರ್ತೃ, ಕರ್ಮ, ಕರಣಗಳೆಂದು ಬಿಡಿಸುವ ಕ್ರಮಕ್ಕೂ, ಕೃತಕಬುದ್ಧಿಯ ಸಂಶೋಧಕರು ಅರ್ಥವನ್ನು ಯಂತ್ರಕ್ಕೆ ತಿಳಿಸುವ ಕ್ರಮಕ್ಕೂ ಹೋಲಿಕೆಯಿದೆಯೆಂಬುದು ಅವನ ವಾದ. ಅದು ಒಬ್ಬ ವಿದ್ವಾಂಸನ ಮತ, ಸಂಸ್ಥೆಯ ತೀರ್ಪಲ್ಲ. ಅದಕ್ಕಿಂತ ಮುಂಚೆಯೇ, 1967ರಲ್ಲಿ, ಇಂಗರ್ಮನ್ ಎಂಬುವನು ಕಂಪ್ಯೂಟರ್ ಭಾಷೆಗಳ ವ್ಯಾಕರಣ ಬರೆಯುವ ಒಂದು ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಸೂಚಿಸಿದ್ದ. ಈ ಸತ್ಯವಾದ ಸಂಗತಿಯನ್ನು ಮಾತ್ರ ಯಾರೂ ನನಗೆ ಕಳುಹಿಸಿಲ್ಲ. ನಾಲ್ಕು ಸಾವಿರದಷ್ಟು ಸೂತ್ರಗಳಲ್ಲಿ ಒಂದು ಭಾಷೆಯನ್ನೇ ಕಟ್ಟಿಟ್ಟವನಿಗೆ ಸುಳ್ಳು ಪ್ರಶಂಸಾಪತ್ರ ಏಕೆ ಬೇಕು?

ಮಹಾರಾಜರ ವಿಷಯಕ್ಕೆ ಮತ್ತೆ ಬರುತ್ತೇನೆ. ರಾಜ್ಯ ಹೋದವನು ಚದುರಂಗದ ರಾಜ್ಯವನ್ನು ಆಳಿದನೆಂದು ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಗ್ರೀಸಿನ ಹಿರೋಡೋಟಸ್ ಹೇಳುವ ಒಂದು ಕಥೆಯಿದೆ: ಲಿಡಿಯ ದೇಶಕ್ಕೆ ಕ್ಷಾಮ ಬಂದಾಗ ಜನರು ದಾಳ, ಚೆಂಡು ಮೊದಲಾದ ಆಟಗಳನ್ನು ಕಂಡುಹಿಡಿದು, ಒಂದು ದಿನ ಹಸಿವನ್ನು ಮರೆಯಲು ಆಡುತ್ತ, ಮರುದಿನ ಉಣ್ಣುತ್ತ ಹದಿನೆಂಟು ವರ್ಷ ಜೀವ ಹಿಡಿದರಂತೆ. ಕಥೆ ಅತಿಶಯೋಕ್ತಿಯಿರಬಹುದು. ಆದರೆ 2018ರ ಆಗಸ್ಟ್ ತಿಂಗಳಲ್ಲಿ ನಮ್ಮ ಸುತ್ತಣ ಗುಡ್ಡಗಳು ಕುಸಿದು, ಮುಕ್ಕೋಡ್ಲು, ಹಟ್ಟಿಹೊಳೆ, ಮಕ್ಕಂದೂರುಗಳ ಕಡೆಯ ಜನ ಉಟ್ಟ ಬಟ್ಟೆಯಲ್ಲಿ ಬಂದು ಪರಿಹಾರ ಕೇಂದ್ರಗಳಲ್ಲಿ ಸೇರಿದಾಗ ನಾನು ಅದರ ಸತ್ಯವನ್ನು ಕಂಡೆ. ದೊಡ್ಡವರು ಗೋಡೆಗೆ ಒರಗಿ ಕುಳಿತಿದ್ದರು. ಯಾರೂ ಮಾತನಾಡುತ್ತಿರಲಿಲ್ಲ. ಮಕ್ಕಳು ಸೀಮೆಸುಣ್ಣದ ಚೂರನ್ನು ಹುಡುಕಿ ನೆಲದ ಮೇಲೆ ಚೌಕಾಬಾರದ ಮನೆ ಬರೆದರು. ಅಂಗಿಯ ಗುಂಡಿಗಳೇ ಕಾಯಿಗಳು. ಇನ್ನೊಂದು ಮೂಲೆಯಲ್ಲಿ ಏಳೆಂಟು ಮಕ್ಕಳು ಯಾರದೋ ಜೀಪಿನಿಂದ ವಿದ್ಯುತ್ತು ತುಂಬಿಸಿದ ಒಂದೇ ಮೊಬೈಲಿನ ಸುತ್ತ ತಲೆ ಸೇರಿಸಿ, ಸರದಿಯಂತೆ ಒಬ್ಬೊಬ್ಬರು ಒಂದು ಬಣ್ಣದ ಗೋಲಿಯಾಟವನ್ನು ಆಡುತ್ತಿದ್ದರು. ಮನೆಯೂ ತೋಟವೂ ಹೊಳೆಯ ಪಾಲಾಗಿದ್ದ ಒಬ್ಬ ಹುಡುಗಿ ಗೆದ್ದಾಗ ಕಿಲಕಿಲನೆ ನಕ್ಕಳು. ಗೋಡೆಗೆ ಒರಗಿದ್ದ ಅವಳ ತಂದೆ ತಲೆಯೆತ್ತಿ ನೋಡಿದ. ಆ ಎರಡು ಗುಂಪುಗಳಲ್ಲಿ ಒಂದು ಸನಾತನ, ಇನ್ನೊಂದು ಆಧುನಿಕ, ಒಂದು ಮೇಲು, ಇನ್ನೊಂದು ಕೀಳು ಎಂದು ಹೇಳುವ ನಾಲಗೆ ನನಗೆ ಅಂದಿನಿಂದ ಇಲ್ಲ.

ಬೆಂಗಳೂರಿನಿಂದ ರಜೆಗೆ ಬರುವ ನನ್ನ ಹತ್ತು ವರ್ಷದ ಮೊಮ್ಮಗ ಮೈನ್‌ಕ್ರಾಫ್ಟ್ ಎಂಬ ಆಟವನ್ನು ಆಡುತ್ತಾನೆ. ಇದು 2011ರಲ್ಲಿ ಸ್ವೀಡನ್ ದೇಶದಿಂದ ಹೊರಟದ್ದು. ಮೂವತ್ತು ಕೋಟಿಗಿಂತ ಹೆಚ್ಚು ಪ್ರತಿಗಳು ಮಾರಾಟವಾಗಿ, ಜಗತ್ತಿನಲ್ಲಿ ಅತ್ಯಧಿಕವಾಗಿ ಬಿಕರಿಯಾದ ವಿಡಿಯೋ ಗೇಮೆಂಬ ಖ್ಯಾತಿ ಪಡೆದಿದೆ. ಮಣ್ಣು, ಕಲ್ಲು, ಮರಗಳ ಚೌಕನೆಯ ತುಂಡುಗಳನ್ನು ಅಗೆದು, ಒಂದರ ಮೇಲೊಂದಿಟ್ಟು ಬೇಕಾದ್ದನ್ನು ಕಟ್ಟುವುದೇ ಆಟ. ಹೋದ ವರ್ಷ ಅವನು ನನಗೆ ಒಂದು ಮನೆಯನ್ನು ತೋರಿಸಿದ. ಗುಡ್ಡದ ಓರೆಯನ್ನು ನೆಟ್ಟಗೆ ಕಡಿದು, ಅದಕ್ಕೆ ಬೆನ್ನು ಕೊಟ್ಟು ಕಟ್ಟಿದ ಮಹಡಿ ಮನೆ. ನೋಡಿದೊಡನೆ ನನ್ನ ಎದೆ ಝಲ್ಲೆಂದಿತು.

“ಹಿಂದಿನ ಗುಡ್ಡವನ್ನು ಹೀಗೆ ಕಡಿದಿದ್ದೀಯಲ್ಲ, ಮಳೆ ಬಂದರೆ ಏನು ಗತಿ?” ಎಂದೆ.

“ತಾತ, ಇಲ್ಲಿ ಮಣ್ಣು ಜಾರುವುದಿಲ್ಲ. ಮರಳು, ಜಲ್ಲಿ ಮಾತ್ರ ಬೀಳುತ್ತವೆ. ಮಣ್ಣು ಗಾಳಿಯಲ್ಲಿಟ್ಟರೂ ಅಲ್ಲೇ ನಿಲ್ಲುತ್ತದೆ” ಎಂದ.

ಆ ಪ್ರಪಂಚದ ನಿಯಮ ನಿಜವಾಗಿಯೂ ಹಾಗೆಯೇ ಇದೆಯಂತೆ. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಅವನನ್ನು ಕೊಡೆಯಡಿಯಲ್ಲಿ ಕರೆದುಕೊಂಡು ಹೋಗಿ, ರಸ್ತೆಯ ಮೇಲ್ಗಡೆ ಹುಲ್ಲು ಮುಚ್ಚಿದ್ದರೂ ಇನ್ನೂ ಕಾಣುವ ಗಾಯದಂಥ ಇಳುಕಲನ್ನು ತೋರಿಸಿದೆ. ನೀರು ಒಳಗೆ ಇಳಿದು ಮಣ್ಣು ಭಾರವಾಗುವ ಬಗೆಯನ್ನೂ, ಮೇಲೆ ಕಾಲುವೆ ಏಕೆ ಬೇಕೆಂಬುದನ್ನೂ ಹೇಳಿದೆ. ಅವನು ಗಮನವಿಟ್ಟು ಕೇಳಿದ. ಸಂಜೆ ನೋಡಿದರೆ ಆ ಮಹಡಿ ಮನೆಯ ಹಿಂದೆ ಗುಡ್ಡ ಮೂರು ಮೆಟ್ಟಿಲಾಗಿ ಇಳಿದಿತ್ತು. ಮೇಲೆ ಒಂದು ಕಾಲುವೆ. “ಅಗತ್ಯವಿಲ್ಲ ತಾತ, ಆದರೂ ಇರಲಿ” ಎಂದ.

ಇಷ್ಟೆಲ್ಲ ಹೇಳಿದವನು ಮೊಬೈಲಿನ ಆಟಗಳ ಪಕ್ಷಪಾತಿಯೆಂದು ವಾಚಕರು ತೀರ್ಮಾನಿಸಬಾರದು. ಆಟ ಬೇರೆ, ಪಣ ಬೇರೆ. ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತ ಜೂಜುಗಾರನ ಗೋಳು: ಇನ್ನು ಆಡುವುದಿಲ್ಲವೆಂದು ನಿಶ್ಚಯಿಸುತ್ತಾನೆ, ದಾಳದ ಸದ್ದು ಕೇಳಿದೊಡನೆ ಎದ್ದು ಹೋಗುತ್ತಾನೆ. ಆ ದಾಳ ಬೇರೇನಲ್ಲ, ನಮ್ಮ ಕಾಡುಗಳಲ್ಲಿ ಉದುರುವ ತಾರೆಕಾಯಿ. ಆ ಕಾಯಿಯ ಸದ್ದು ಈಗ ನಡುರಾತ್ರಿಯಲ್ಲಿ ಹಾಸಿಗೆಯ ಒಳಗೇ ಕೇಳುತ್ತದೆ.

ಕೌಟಿಲ್ಯ ಜೂಜನ್ನು ನಿಷೇಧಿಸಲಿಲ್ಲ. ಅದಕ್ಕೊಬ್ಬ ಅಧ್ಯಕ್ಷನನ್ನು ನೇಮಿಸಿ, ಒಂದೇ ಕಡೆ ಆಡಿಸಿ, ಗೆದ್ದ ಹಣದಲ್ಲಿ ನೂರಕ್ಕೆ ಐದನ್ನು ವಸೂಲು ಮಾಡಿದ. ಮನು ಅದನ್ನು ರಾಜ್ಯದಿಂದಲೇ ತೊಲಗಿಸಬೇಕೆಂದ. ನಮ್ಮ ಕಾಲದ ಸರ್ಕಾರಗಳೂ ಈ ಎರಡು ಪಕ್ಷಗಳ ನಡುವೆ ತೂಗಾಡಿದವು. ಕರ್ನಾಟಕ 2021ರಲ್ಲಿ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ, ಕೌಶಲದ ಆಟ ಜೂಜಲ್ಲವೆಂದು ಆ ತಿದ್ದುಪಡಿಯನ್ನು ರದ್ದುಮಾಡಿತು. 2023ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ನೂರಕ್ಕೆ 28ರಂತೆ ತೆರಿಗೆ ಹಾಕಿತು. ಕೌಟಿಲ್ಯ ಇದನ್ನು ಕೇಳಿದ್ದರೆ ಬೆರಗಾಗುತ್ತಿದ್ದ. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು, ಕೌಶಲವಿರಲಿ ಅದೃಷ್ಟವಿರಲಿ, ಹಣದ ಪಣವಿದ್ದರೆ ಅಂಥ ಆಟ ಕೂಡದೆಂಬ ಕಾನೂನನ್ನು ಮಾಡಿತು. ಆಡಿದವನಿಗೆ ಶಿಕ್ಷೆಯಿಲ್ಲ, ಆಡಿಸಿದವನಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡ. ಇದರ ವಿರುದ್ಧ ಕಂಪೆನಿಗಳು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದವು.

ಕೌಶಲದ ವಾದ ನನಗೆ ಎಂದೂ ರುಚಿಸಲಿಲ್ಲ. ಶಕುನಿಯೂ ಕುಶಲನೇ. ಅವನ ಕೌಶಲವೇ ಯುಧಿಷ್ಠಿರನ ಸರ್ವನಾಶಕ್ಕೆ ಕಾರಣ. ಎದುರು ಕುಳಿತವನಿಗೆ ಕೌಶಲವಿದ್ದು ನನಗಿಲ್ಲದಿದ್ದರೆ ಆಟ ಶುದ್ಧವಾಯಿತೆಂದು ಯಾವ ನ್ಯಾಯ ಹೇಳೀತು? ನಳ ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತ ಮೇಲೆ ಮಾತ್ರ ಮತ್ತೆ ಪುಷ್ಕರನ ಎದುರು ಕುಳಿತ. ನಮ್ಮ ಹುಡುಗರಿಗೆ ಅಕ್ಷಹೃದಯವನ್ನು ಹೇಳಿಕೊಡುವವರು ಯಾರೂ ಇಲ್ಲ.

ನನ್ನ ಬಳಿ ಓದಿದವನೊಬ್ಬ, ಹೆಸರು ಬೇಡ, ನಾಲ್ಕು ಎಕರೆ ಕಾಫಿಯ ಒಡೆಯ. ಕಾಫಿಯ ಮರಗಳಿಗೆ ನೆರಳಾಗಿ ನಿಂತ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿಸಿದ ಶ್ರಮಜೀವಿ. 2022ರಲ್ಲಿ ಮೊಬೈಲಿನಲ್ಲಿ ರಮ್ಮಿಯಾಡಲು ತೊಡಗಿದ. ಮೊದಲ ವಾರ ಗೆದ್ದ. ಆ ವಾರದ ಗೆಲುವೇ ಅವನನ್ನು ಕೆಡಿಸಿತು. ಮಾರನೆಯ ವರ್ಷ ಮೆಣಸಿನ ಹಣ ಹೋಯಿತು. ಅದರಾಚೆ ಬೆಳೆಸಾಲ, ಆಮೇಲೆ ತಾಯಿಯ ಕೊರಳಿನದು. ಸೋತು ಎರಡು ದಿನ ಸುಮ್ಮನಿದ್ದರೆ ಕಂಪೆನಿಯಿಂದ ಅರ್ಧರಾತ್ರಿಗೆ ಸಂದೇಶ ಬರುತ್ತಿತ್ತಂತೆ: ನಿಮ್ಮ ಲೆಕ್ಕಕ್ಕೆ ಇಷ್ಟು ರೂಪಾಯಿ ಉಡುಗೊರೆ ಸೇರಿಸಿದ್ದೇವೆ, ಬನ್ನಿ. ಕಾಫಿಗೆ ಎಂದೂ ಕಾಣದ ಬೆಲೆ ಬಂದ ಕಾಲದಲ್ಲಿ ಆ ಮನೆಯಲ್ಲಿ ಗೊಬ್ಬರಕ್ಕೆ ಹಣವಿರಲಿಲ್ಲ.

ಅವನ ತಾಯಿ ಒಂದು ಸಂಜೆ ಬಂದು ಜಗಲಿಯಲ್ಲಿ ಕುಳಿತರು. “ನಾನು ಬಯ್ದರೆ ಏನು ಮಾಡಿಕೊಳ್ಳುತ್ತಾನೋ ಎಂಬ ಹೆದರಿಕೆ ಮೇಷ್ಟ್ರೇ” ಎಂದರು. ಇಂಥ ಮಾತನ್ನು ಕೇಳಿದ ಮೇಲೆ ಉಪದೇಶದ ಯೋಚನೆ ಮಾಡಲಾಗದು. ಮರುದಿನ ಅವನನ್ನು ಕರೆಸಿ, ಬ್ಯಾಂಕಿನ ಪಾಸುಪುಸ್ತಕವನ್ನು ತರಿಸಿದೆ. ಅವನು ಒಂದೊಂದೇ ಸಾಲನ್ನು ಓದಿದ. ನಾನು ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಬರೆದುಕೊಂಡೆ. ಬರೆಯಲು ಮೂರು ಗಂಟೆಯ ಮೇಲಾಯಿತು. ಮೊತ್ತವನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಪುಸ್ತಕವನ್ನು ಅವನ ಕಡೆಗೆ ತಿರುಗಿಸಿದೆ. ಎರಡು ವರ್ಷದ ಫಸಲು. ಅವನು ಬಹಳ ಹೊತ್ತು ಆ ಅಂಕಿಗಳನ್ನೇ ನೋಡುತ್ತಿದ್ದು, “ಇದು ನನಗೆ ಗೊತ್ತಿತ್ತು, ಆದರೆ ಒಂದೇ ಕಡೆ ನೋಡಿರಲಿಲ್ಲ” ಎಂದ.

ಆಮೇಲೆ ಅವನ ಸೋದರಮಾವ ಬೆಂಗಳೂರಿಗೆ ಕರೆದೊಯ್ದು ವೈದ್ಯರಿಗೆ ತೋರಿಸಿದರು. ಕೆಲವು ತಿಂಗಳು ಹೋಗಿ ಬಂದು ಮಾಡಿದ. ಲೆಕ್ಕಪತ್ರವೆಲ್ಲ ತಾಯಿಯ ಹೆಸರಿಗಾಯಿತು. ಸಾಲದ ಮೊದಲ ಕಂತನ್ನು ಈ ವರ್ಷದ ಕಾಫಿಯಿಂದ ಕಟ್ಟಿದ್ದಾನೆ, ಇನ್ನೂ ನಾಲ್ಕಿವೆ. ಮೊಬೈಲನ್ನು ಮಾರಿ, ಗುಂಡಿಗಳಿರುವ ಹಳೆಯ ಮಾದರಿಯದೊಂದನ್ನು ಇಟ್ಟುಕೊಂಡಿದ್ದಾನೆ. ಅದರಲ್ಲಿ ಹಾವು ಹುಳುವನ್ನು ತಿಂದು ಉದ್ದವಾಗುವ ಆಟವೊಂದಿದೆ. ಬಸ್ಸಿಗೆ ಕಾಯುವಾಗ ಆಡುತ್ತಾನೆ. ನಾನು ಪಕ್ಕದಲ್ಲಿದ್ದರೆ ಸ್ವಲ್ಪ ನಾಚಿಕೊಂಡು ನಿಲ್ಲಿಸುತ್ತಾನೆ. ಮುಗಿಸಪ್ಪ, ಎಷ್ಟಾಯಿತೆಂದು ಹೇಳು, ಎನ್ನುತ್ತೇನೆ.